ಕಬ್ಬಿನ ಬೆಳೆಶೇಷ ಮತ್ತು ವಿದ್ಯುಚ್ಛಕ್ತಿ: ಮಂಡ್ಯ ಸೀಮೆಯ ಒಂದು ಪರಿಶೀಲನೆ

ಮಂಡ್ಯ ಸೀಮೆಗೂ ವಿದ್ಯುಚ್ಛಕ್ತಿಗೂ ಇರುವ ನಂಟು ಹಳೆಯದು. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1940ರಲ್ಲಿ ಅದೇ ತಾಲೂಕಿನ ಶಿಂಷಾ ವಿದ್ಯುದಾಗಾರವೂ ಆರಂಭವಾಯಿತು. ಆದರೆ ಮಳೆ ತಪ್ಪಿದ ವರ್ಷ ಹೊಳೆಯ ಶಕ್ತಿಯೂ ಕುಗ್ಗುವುದು. ಆದಕಾರಣ ಇದೇ ನೆಲದ ಮತ್ತೊಂದು ಮೂಲವಾದ ಕಬ್ಬಿನ ಬೆಳೆಶೇಷವು ತಜ್ಞರ ಗಮನವನ್ನು ಸೆಳೆದಿದೆ. ಅದನ್ನು ಎಷ್ಟರಮಟ್ಟಿಗೆ ಅಕ್ಷಯ ಇಂಧನವೆಂದು ಎಣಿಸಬಹುದೆಂಬುದೇ ನಾವು ಇಲ್ಲಿ ವಿಚಾರಿಸುವ ವಿಷಯ.

ಬೆಳೆಶೇಷದಲ್ಲಿ ಎರಡು ಬಗೆಗಳನ್ನು ಬೇರ್ಪಡಿಸುವುದು ಅವಶ್ಯಕ. ಮೊದಲನೆಯದು ಅರೆದು ಉಳಿದ ಸಿಪ್ಪೆ. ನೂರು ಟನ್ನು ಕಬ್ಬನ್ನು ಅರೆದರೆ ಸುಮಾರು ಮೂವತ್ತು ಟನ್ನು ಸಿಪ್ಪೆ ದೊರೆಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧಭಾಗ ನೀರು. ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯಾಗಲಿ, ಮದ್ದೂರು ತಾಲೂಕಿನ ಕೊಪ್ಪ, ಕೆ.ಎಂ.ದೊಡ್ಡಿಗಳ ಕಾರ್ಖಾನೆಗಳಾಗಲಿ, ಕಬ್ಬು ಅರೆಯುವಲ್ಲೆಲ್ಲ ಈ ಸಿಪ್ಪೆ ತಾನಾಗಿ ಶೇಖರವಾಗುತ್ತದೆ. ಅದನ್ನು ಉರಿಸಿ ಪಡೆದ ಹಬೆಯು ಮೊದಲು ಟರ್ಬೈನನ್ನು ತಿರುಗಿಸಿ ಅನಂತರ ಕಬ್ಬಿನ ಹಾಲನ್ನು ಕಾಯಿಸುವಂತೆ ಏರ್ಪಡಿಸಿದರೆ ಒಂದೇ ಇಂಧನದಿಂದ ಎರಡು ಕೆಲಸಗಳಾಗುತ್ತವೆ. ಇದೇ ಸಹವಿದ್ಯುತ್ ಉತ್ಪಾದನೆ. ಸಿಪ್ಪೆ ಉರಿದಾಗ ಹೊರಬೀಳುವ ಇಂಗಾಲಾಮ್ಲವಾಯುವು ಆ ಬೆಳೆಯೇ ಗಾಳಿಯಿಂದ ಹೀರಿದ್ದು; ಕಲ್ಲಿದ್ದಲಿನಂತೆ ಯುಗಾಂತರಗಳ ಹಿಂದೆ ಭೂಗರ್ಭದಲ್ಲಿ ಹುದುಗಿದ್ದುದಲ್ಲ.

ಎರಡನೆಯದು ಹೊಲದಲ್ಲಿಯೇ ಉಳಿಯುವ ಒಣ ತರಗು. 2001ರಲ್ಲಿ ಮಳವಳ್ಳಿ ತಾಲೂಕಿನಲ್ಲಿ ಕಾರ್ಯಾರಂಭ ಮಾಡಿದ 4.5 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವು ಇಂತಹ ಹಗುರವಾದ ಶೇಷಗಳನ್ನೇ ಇಂಧನವಾಗಿ ಬಳಸಲು ರಚಿತವಾದುದು. ತರಗಿನ ತೊಡಕು ಸಾಗಣೆಯಲ್ಲಿದೆ: ತೂಕ ಅಲ್ಪ, ಗಾತ್ರ ಅಧಿಕ. ಇದಕ್ಕಿಂತಲೂ ಮುಖ್ಯವಾದ ಪ್ರಶ್ನೆ ಮಣ್ಣಿನದು. ತರಗಿಗೆ ಹೊಲದಲ್ಲಿಯೇ ಬೆಂಕಿಯಿಟ್ಟರೆ ಹೊಗೆಯೊಡನೆ ಸಾರಜನಕದ ಬಹುಭಾಗ ಗಾಳಿಪಾಲಾಗುತ್ತದೆ. ಸಾಲುಗಳ ನಡುವೆ ಹೊದಿಸಿದರೆ ತೇವ ಉಳಿಯುತ್ತದೆ; ಕೊಳೆತು ಮಣ್ಣಿಗೆ ಸತ್ತ್ವ ಸೇರುತ್ತದೆ. ಸ್ಥಾವರಕ್ಕೆ ಸಾಗಿಸಿದರೆ ವಿದ್ಯುತ್ತೇನೋ ದೊರೆಯುವುದು. ಆದರೆ ಪೊಟ್ಯಾಷ್ ಮೊದಲಾದ ಪೋಷಕಾಂಶಗಳೂ ಹೊಲವನ್ನು ಬಿಟ್ಟು ಹೋಗುವುವು. ಬೂದಿಯನ್ನು ಹಿಂತಿರುಗಿಸಿದರೆ ಪೊಟ್ಯಾಷ್ ಮರಳೀತು. ಸಾರಜನಕವಾಗಲಿ ಸಾವಯವಾಂಶವಾಗಲಿ ಮರಳಲಾರದು.

ಇಂತಹ ಶೇಷವನ್ನು ‘ತ್ಯಾಜ್ಯ’ವೆಂದು ಕರೆಯುವುದೂ ಸಮಂಜಸವಲ್ಲ. ಹಸಿರು ಸೋಗೆ ದನಗಳ ಮೇವು; ಒಣಗಿಸಿದ ಸಿಪ್ಪೆ ಆಲೆಮನೆಯ ಒಲೆಗೆ ಉರುವಲು. ಇವುಗಳಿಗೆ ಹೊಸ ಬೇಡಿಕೆ ಹುಟ್ಟಿದರೆ ಬೆಲೆಯೇರುವುದು ಸಹಜ. ಅದರ ಭಾರ ಸಣ್ಣ ರೈತನ ಮೇಲೂ ಆಲೆಮನೆಯವನ ಮೇಲೂ ಬೀಳಬಹುದು.

2015ರ ಪ್ಯಾರಿಸ್ ಒಪ್ಪಂದದಲ್ಲಿ ಭಾರತವೂ ಸೇರಿದೆ. 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ಸಾಧಿಸುವೆವೆಂದು 2021ರಲ್ಲಿ ಘೋಷಿಸಿದೆ. ಈ ಗುರಿಗೆ ಬೆಳೆಶೇಷವು ನೆರವಾಗಬೇಕಾದರೆ ನೀತಿಯು ಮೆಗಾವ್ಯಾಟುಗಳನ್ನು ಮಾತ್ರ ಎಣಿಸಿದರೆ ಸಾಲದು. ಕಾರ್ಖಾನೆಯಲ್ಲಿ ಶೇಖರವಾಗುವ ಸಿಪ್ಪೆಯ ಪೂರ್ಣ ಸದುಪಯೋಗ ಮೊದಲಾಗಬೇಕು. ತರಗಿನಲ್ಲಿ ಮಣ್ಣಿಗೆ ಸಲ್ಲಬೇಕಾದ ಪಾಲನ್ನು ಮೊದಲೇ ಗೊತ್ತುಪಡಿಸಿ, ಮಿಕ್ಕುದನ್ನು ಮಾತ್ರ ಕೊಳ್ಳಬೇಕು. ಬೂದಿಯನ್ನು ಪರೀಕ್ಷಿಸಿ ಹೊಲಕ್ಕೆ ತಲಪಿಸುವ ಹೊಣೆ ಸ್ಥಾವರದ್ದಾಗಬೇಕು.

ಆ ಪಾಲು ಎಷ್ಟೆಂಬುದು ಮಣ್ಣಿನಿಂದ ಮಣ್ಣಿಗೆ ಬೇರೆಯಾಗುವುದರಿಂದ ಅದನ್ನು ಊಹೆಯಿಂದ ನಿರ್ಣಯಿಸಲಾಗದು. ಮಂಡ್ಯದ ವಿ.ಸಿ. ಫಾರ್ಮಿನಂತಹ ಸಂಶೋಧನಾ ಕೇಂದ್ರಗಳ ಸಮೀಪದಲ್ಲಿಯೇ ಇರುವ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತರಗು ಹೊದಿಸಿದ, ಸುಟ್ಟ, ಸಾಗಿಸಿದ ತಾಕುಗಳನ್ನು ಆರಿಸಿಕೊಂಡು, ಮಣ್ಣಿನ ಇಂಗಾಲವನ್ನೂ ಇಳುವರಿಯನ್ನೂ ವರ್ಷವರ್ಷವೂ ಅಳೆದು ದಾಖಲಿಸಬಹುದು. ಅಂತಹ ಅಂಕಿಗಳು ಕೈಸೇರಿದ ಮೇಲೆಯೇ ಈ ಸೀಮೆಗೆ ತಕ್ಕ ನೀತಿಯನ್ನು ರೂಪಿಸಲು ಸಾಧ್ಯವೆಂದು ನಾವು ಭಾವಿಸುತ್ತೇವೆ.