ನಾಯಿಗೆ ಕೊಡುವ ಸ್ಟಿರಾಯ್ಡ್ ಮಾತ್ರೆ

ದಾವಣಗೆರೆಯ ಬೇಸಗೆಯನ್ನು ಬಲ್ಲವರಿಗೆ, ನಾಯಿಯೊಂದು ನಾಲಗೆ ಚಾಚಿ ತೇಕುತ್ತ ನೀರಿನ ಬೋಗುಣಿಯನ್ನು ಮತ್ತೆ ಮತ್ತೆ ಬರಿದು ಮಾಡುವುದು ಅಚ್ಚರಿಯ ನೋಟವೇನೂ ಅಲ್ಲ. ಆದರೆ ಅದೇ ನಾಯಿಯು ರಾತ್ರಿಯ ತಂಪಿನಲ್ಲಿಯೂ ತೇಕುತ್ತಿದ್ದರೆ, ಎಂದೂ ಮನೆಯೊಳಗೆ ಮೂತ್ರ ಮಾಡದ ಪ್ರಾಣಿಯು ಈಗ ನಡುರಾತ್ರಿಯಲ್ಲಿ ನೆಲವನ್ನು ತೋಯಿಸುತ್ತಿದ್ದರೆ, ಕಾರಣವನ್ನು ಬಿಸಿಲಿನಲ್ಲಿ ಹುಡುಕುವುದಕ್ಕಿಂತ ಔಷಧದ ಡಬ್ಬಿಯಲ್ಲಿ ಹುಡುಕುವುದು ಲೇಸು. ಚರ್ಮದ ಅಲರ್ಜಿ, ರಕ್ತಹೀನತೆ, ಕರುಳಿನ ಉರಿಯೂತ ಮೊದಲಾದ ದೀರ್ಘವ್ಯಾಧಿಗಳಿಗಾಗಿ ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ಮಾತ್ರೆಯನ್ನು ನುಂಗುವ ನಾಯಿಗಳಲ್ಲಿ ದಾಹ, ಅತಿಮೂತ್ರ, ತೇಕು, ತಣಿಯದ ಹಸಿವು ಇವೆಲ್ಲ ಸರ್ವಸಾಮಾನ್ಯ. ರಾತ್ರಿಯ ಕಾಟವನ್ನು ತಪ್ಪಿಸಲೆಂದು ಕೆಲವರು ಬೋಗುಣಿಯನ್ನೇ ಎತ್ತಿಡುತ್ತಾರೆ. ಇದು ಸರ್ವಥಾ ಸಲ್ಲದು. ನೀರನ್ನು ಹಿಡಿದಿಡುವ ಮೂತ್ರಪಿಂಡದ ಶಕ್ತಿಯನ್ನು ಔಷಧವು ಕುಂದಿಸಿರುತ್ತದೆ. ನಾಯಿ ಕುಡಿಯುವುದು ಕಳೆದುಕೊಂಡುದನ್ನು ತುಂಬಿಕೊಳ್ಳುವುದಕ್ಕೆ.

ಈ ಔಷಧದ ಮೂಲವು ದೇಹದಲ್ಲಿಯೇ ಉಂಟು. ಮೂತ್ರಪಿಂಡಗಳ ಬಳಿಯಲ್ಲಿ ಅಡ್ರೀನಲ್ ಎಂಬ ಎರಡು ಕಿರಿಯ ನಿರ್ನಾಳ ಗ್ರಂಥಿಗಳಿವೆ. ಅವುಗಳ ಹೊರಪದರವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇದಕ್ಕೆ ನಿಕಟವಾದ ಕಾರ್ಟಿಸೋನನ್ನು 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್, ಸಂಧಿವಾತದಿಂದ ನರಳುತ್ತಿದ್ದ ಸ್ತ್ರೀಯೊಬ್ಬಳಿಗೆ ಕೊಟ್ಟು ನೋಡಿದರು. ಕೆಲವೇ ದಿನಗಳಲ್ಲಿ ಆಕೆ ನಡೆದಾಡತೊಡಗಿದಳು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಇವರಿಗೆ ನೊಬೆಲ್ ಪಾರಿತೋಷಿಕ ಸಂದಿತು. ಪ್ರೆಡ್ನಿಸೋಲೋನ್ 1955ರಲ್ಲಿ ಬಳಕೆಗೆ ಬಂದಿತು. ಉರಿಯೂತವನ್ನು ಶಮನಗೊಳಿಸುವ ಶಕ್ತಿಯೇ ರಕ್ತದ ಬಿಳಿಕಣಗಳ ಕೈಕಟ್ಟಿ ಸೋಂಕಿಗೆ ದಾರಿ ಬಿಡುತ್ತದೆಂಬುದೂ ಬೇಗನೆ ತಿಳಿಯಿತು. ಪಾಲಕನನ್ನೂ ಸಂಹಾರಕನನ್ನೂ ಒಂದೇ ವಿಗ್ರಹದಲ್ಲಿ ಕಂಡಿರುವ ಹರಿಹರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ!

ತನ್ನ ಕೆಂಪುಕಣಗಳನ್ನು ತಾನೇ ನಾಶಮಾಡಿಕೊಳ್ಳುವ ನಾಯಿಗೆ ಈ ಮಾತ್ರೆಯೇ ಪ್ರಾಣದಾತ. ಅಲ್ಲಿ ಆರಂಭದಲ್ಲಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 2 ಮಿಲಿಗ್ರಾಂ ಬೇಕಾಗಬಹುದು. ಅಡ್ರೀನಲ್ ಗ್ರಂಥಿಯೇ ಕೆಟ್ಟು ಕುಳಿತ ಅಡಿಸನ್ ರೋಗದಲ್ಲಿ ಅದರ ಹತ್ತನೆಯ ಒಂದಂಶವೂ ಸಾಕಾದೀತು. ಆದರೆ ಜೀವವಿರುವತನಕ ಬೇಕು. ಆದ್ದರಿಂದ ನೆರೆಮನೆಯ ನಾಯಿಯ ಚೀಟಿಯನ್ನು ನಮ್ಮ ನಾಯಿಗೆ ಅನ್ವಯಿಸುವುದು ಅವಿವೇಕ. ತುರಿಕೆಯ ವಿಷಯದಲ್ಲಂತೂ ಇನ್ನೊಂದು ಮೋಸವಿದೆ. ಡೆಮೊಡೆಕ್ಸ್ ಎಂಬ ಸೂಕ್ಷ್ಮ ನುಸಿಯಿಂದ ಕೂದಲುದುರಿದ ನಾಯಿಗೆ ಸ್ಟಿರಾಯ್ಡ್ ಕೊಟ್ಟರೆ ಚರ್ಮದ ಕೆಂಪು ಕೆಲಕಾಲ ಇಳಿಯುತ್ತದೆ, ಒಡೆಯನು ಸಂತೋಷಪಡುತ್ತಾನೆ, ನುಸಿಯು ಅವನಿಗಿಂತಲೂ ಹೆಚ್ಚು ಸಂತೋಷದಿಂದ ವೃದ್ಧಿಯಾಗುತ್ತದೆ. ಕಂದು ಉಣ್ಣೆಯ ಕಡಿತದಿಂದ ಹರಡುವ ಎರ್ಲಿಚಿಯಾ ಸೋಂಕು ನಮ್ಮ ಸೀಮೆಯ ನಾಯಿಗಳಲ್ಲಿ ಅಪರೂಪವಲ್ಲ. ರಕ್ತದ ಚಪ್ಪಟೆಕಣಗಳನ್ನು ಇಳಿಸುವ ಈ ವ್ಯಾಧಿಯೂ ಸ್ವಪ್ರತಿರಕ್ಷಾ ರೋಗದ ವೇಷ ಧರಿಸಬಲ್ಲದು. ಮೊದಲು ಚರ್ಮದ ಕೆರೆತ, ರಕ್ತದ ಪರೀಕ್ಷೆ, ಅನಂತರ ಮಾತ್ರೆ.

ಎಲ್ಲಕ್ಕಿಂತ ದೊಡ್ಡ ಅಪಾಯವು ಮಾತ್ರೆಯನ್ನು ಕೊಡುವುದರಲ್ಲಿಲ್ಲ, ಹಠಾತ್ತನೆ ನಿಲ್ಲಿಸುವುದರಲ್ಲಿದೆ. ಹೊರಗಿನಿಂದ ಸ್ಟಿರಾಯ್ಡ್ ಯಥೇಚ್ಛವಾಗಿ ಬರುತ್ತಿರುವಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಅಡ್ರೀನಲಿಗೆ ಆಜ್ಞೆ ಕಳುಹಿಸುವುದನ್ನು ನಿಲ್ಲಿಸುತ್ತದೆ. ಆಜ್ಞೆಯಿಲ್ಲದ ಅಡ್ರೀನಲ್ ಕ್ರಮೇಣ ಸೊರಗಿ ಕುಗ್ಗುತ್ತದೆ. ದುಗ್ಗಮ್ಮನ ಜಾತ್ರೆಯ ದಿನಗಳನ್ನು ನೆನೆಯಿರಿ: ನೆಂಟರಿಂದ ತುಂಬಿದ ಮನೆ, ಬಾಡೂಟದ ಗಡಿಬಿಡಿ, ಡಬ್ಬಿಯಲ್ಲಿ ಮಾತ್ರೆ ಮುಗಿದುದನ್ನು ಯಾರೂ ಗಮನಿಸಿಲ್ಲ. ಎರಡು ಮೂರು ದಿನಗಳಲ್ಲಿ ನಾಯಿ ಅನ್ನ ಬಿಡುತ್ತದೆ, ವಾಂತಿ ಮಾಡುತ್ತದೆ, ನಡುಗಿ ಕುಸಿಯುತ್ತದೆ. ಮೂಳೆ ತಿಂದು ಅಜೀರ್ಣವಾಯಿತೆಂದು ಮನೆಯವರ ಊಹೆ. ವಾಸ್ತವದಲ್ಲಿ ಅದರ ದೇಹದಲ್ಲಿ ಕಾರ್ಟಿಸಾಲ್ ಇಲ್ಲ. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ಮಾತ್ರೆ ಕೊಟ್ಟೂ ನಾಯಿ ವಾಂತಿ ಮಾಡುತ್ತಿದ್ದರೆ ಫಲ ಒಂದೇ: ಔಷಧವು ಒಳಗೆ ನಿಲ್ಲಲಿಲ್ಲ. ಅಂಥ ಸಮಯದಲ್ಲಿ ಪಶುವೈದ್ಯರು ಚುಚ್ಚುಮದ್ದನ್ನೇ ಕೊಡಬೇಕಾಗುತ್ತದೆ.

ವ್ಯಾಧಿಯು ಹತೋಟಿಗೆ ಬಂದ ಮೇಲೆ ವೈದ್ಯರು ಪ್ರಮಾಣವನ್ನು ವಾರಗಟ್ಟಲೆ ಮೆಟ್ಟಿಲಿಳಿದಂತೆ ಇಳಿಸುತ್ತಾರೆ. ಸಾಧ್ಯವಾದಲ್ಲಿ ದಿನ ಬಿಟ್ಟು ದಿನಕ್ಕೆ ತರುತ್ತಾರೆ. ನಡುವಿನ ಬಿಡುವಿನಲ್ಲಿ ಅಡ್ರೀನಲ್ ತುಸು ಎಚ್ಚರಗೊಳ್ಳಲೆಂಬುದು ಉದ್ದೇಶ. ಇಳಿಸಲಾಗದಿದ್ದರೆ ಅಜಥಯೋಪ್ರಿನ್ ಅಥವಾ ಸೈಕ್ಲೋಸ್ಪೊರಿನ್ ಸೇರಿಸುವುದುಂಟು. ಇಳಿಬಿದ್ದ ಹೊಟ್ಟೆ, ತೆಳುವಾದ ಚರ್ಮ, ಸೊರಗಿದ ತೊಡೆ ಇವು ಪ್ರಮಾಣ ಮೀರಿದುದರ ಗುರುತುಗಳು. ಮೂತ್ರಕೋಶದ ಸೋಂಕಾದರೋ ಉರಿಯಿಲ್ಲದೆ ಗುಟ್ಟಾಗಿ ಬೆಳೆಯುತ್ತದೆ. ಆಗಾಗ ಮೂತ್ರಪರೀಕ್ಷೆ ಮಾಡಿಸದೆ ಅದು ತಿಳಿಯದು. ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಿರುವುದನ್ನು ಕಂಡು ಮಾತ್ರ ಗಾಬರಿಯಾಗಬೇಕಿಲ್ಲ. ಸ್ಟಿರಾಯ್ಡಿನ ಪ್ರಚೋದನೆಯಿಂದ ಈ ಕಿಣ್ವದ ವಿಶೇಷ ರೂಪವೊಂದನ್ನು ತಯಾರಿಸುವುದು ನಾಯಿಯ ಯಕೃತ್ತಿನ ಸ್ವಭಾವ. ಕುಂಟುತ್ತಿದೆಯೆಂದು ಮನೆಯವರ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಜೊತೆಗೆ ತಿನ್ನಿಸಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಮಲವು ಡಾಂಬರಿನಂತೆ ಕಪ್ಪಾಗುವುದು ಅದರ ಲಕ್ಷಣ.

ಮಾತ್ರೆಯನ್ನು ಪೂರ್ತಿ ನಿಲ್ಲಿಸಿದ ಬಳಿಕವೂ ಗ್ರಂಥಿಯು ಚೇತರಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ನಾಯಿಗೆ ಅಪಘಾತವಾದರೆ, ಶಸ್ತ್ರಚಿಕಿತ್ಸೆ ಬೇಕಾದರೆ, ಹಳೆಯ ಚೀಟಿಯನ್ನು ವೈದ್ಯರ ಮುಂದಿಡಬೇಕು. ಅವರು ಮೊದಲೇ ಸ್ವಲ್ಪ ಸ್ಟಿರಾಯ್ಡ್ ಕೊಟ್ಟು ಕೆಲಸಕ್ಕೆ ಕೈಹಾಕುತ್ತಾರೆ.