ತಂಪು ಛಾವಣಿ: ಹೊರೆಯ ಹಂಚಿಕೆಯಲ್ಲಿ ನ್ಯಾಯ

ವಾಯುಗುಣದ ಬದಲಾವಣೆ ಎಲ್ಲರನ್ನೂ ತಟ್ಟುವುದಾದರೂ ಸಮನಾಗಿ ತಟ್ಟುವುದಿಲ್ಲ. ಸಿಕಂದರಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ಈ ಅಂತರ ಎದ್ದು ಕಾಣುತ್ತದೆ. ಹವಾನಿಯಂತ್ರಿತ ಕಟ್ಟಡದಲ್ಲಿರುವವರಿಗೆ ಬೇಸಿಗೆಯೆಂದರೆ ಹೆಚ್ಚಿನ ವಿದ್ಯುತ್ ವೆಚ್ಚ. ತಗಡು ಅಥವಾ ಕಲ್ನಾರು ಹಾಳೆಯ ಕೆಳಗೆ ಬಾಳುವ ಕೂಲಿಕಾರರಿಗೆ ಅದು ನಿದ್ರೆಯ, ದುಡಿಮೆಯ, ಕೆಲವೊಮ್ಮೆ ಪ್ರಾಣದ ಪ್ರಶ್ನೆ.

ಈ ಹಿನ್ನೆಲೆಯಲ್ಲಿ ತೆಲಂಗಾಣ ಸರ್ಕಾರವು 2023ರ ಏಪ್ರಿಲ್‌ನಲ್ಲಿ 'ತಂಪು ಛಾವಣಿ ನೀತಿ'ಯನ್ನು ಪ್ರಕಟಿಸಿತು. ಇದರ ತತ್ತ್ವ ಸರಳವಾದುದು. ಛಾವಣಿಯ ಬಿಳಿಯ ಲೇಪನವು ಬಿಸಿಲನ್ನು ಪ್ರತಿಫಲಿಸಿ, ಮನೆಯೊಳಕ್ಕೆ ಇಳಿಯುವ ಶಾಖವನ್ನು ತಗ್ಗಿಸುತ್ತದೆ. 2017ರಲ್ಲಿ ಹೈದರಾಬಾದಿನ ಕಡಿಮೆ ಆದಾಯದ ಕುಟುಂಬಗಳ 25 ಮನೆಗಳಿಗೆ ಇಂತಹ ಛಾವಣಿ ಅಳವಡಿಸಿ ಪರೀಕ್ಷಿಸಿದಾಗ, ಒಳಗಿನ ಉಷ್ಣತೆ ಸರಾಸರಿ 2 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಾಯಿತು. 2028ರ ವೇಳೆಗೆ ರಾಜ್ಯದಲ್ಲಿ 300 ಚದರ ಕಿಲೋಮೀಟರ್ ತಂಪು ಛಾವಣಿ ಸಾಧಿಸುವುದು ನೀತಿಯ ಗುರಿ.

ಹೊಣೆಯನ್ನು ಹಂಚಿರುವ ರೀತಿ ಇಲ್ಲಿ ಗಮನಾರ್ಹ. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ನಿಯಮ ಕಡ್ಡಾಯ. ವಾಸದ ಕಟ್ಟಡಗಳ ಪೈಕಿ, 600 ಚದರ ಗಜ ಅಥವಾ ಅದಕ್ಕೂ ಹೆಚ್ಚಿನ ನಿವೇಶನದಲ್ಲಿರುವವುಗಳಿಗೆ ಕಡ್ಡಾಯ. ಅದಕ್ಕಿಂತ ಚಿಕ್ಕವುಗಳಿಗೆ ಐಚ್ಛಿಕ. ಶಕ್ತಿಯುಳ್ಳವರು ಮೊದಲು ಹೊರೆ ಹೊರಬೇಕೆಂಬುದೇ ಇದರ ಆಶಯ. 1992ರ ವಿಶ್ವಸಂಸ್ಥೆಯ ವಾಯುಗುಣ ಒಪ್ಪಂದವು ರಾಷ್ಟ್ರಗಳ ನಡುವೆ ಒಪ್ಪಿಕೊಂಡ ತತ್ತ್ವವೂ ಇದೇ: ಹೊಣೆ ಎಲ್ಲರದು, ಆದರೆ ಅದರ ಪ್ರಮಾಣ ಅವರವರ ಸಾಮರ್ಥ್ಯಕ್ಕೆ ತಕ್ಕಂತೆ.

ಈ ತತ್ತ್ವವನ್ನು ಕಡೆಗಣಿಸಿದರೆ ಜನಬೆಂಬಲ ದೊರೆಯದು. ಫ್ರಾನ್ಸಿನಲ್ಲಿ 2018ರಲ್ಲಿ ಇಂಧನ ತೆರಿಗೆಯ ಏರಿಕೆಯ ವಿರುದ್ಧ ಜನರು ಬೀದಿಗಿಳಿದರು. ನಿತ್ಯವೂ ಸ್ವಂತ ವಾಹನವನ್ನೇ ನೆಚ್ಚಿದ್ದ ಗ್ರಾಮೀಣರಿಗೆ ಆ ಹೊರೆ ಹೆಚ್ಚಾಗಿತ್ತು. ಮುಂದಿನ ಏರಿಕೆಯನ್ನು ಅಲ್ಲಿನ ಸರ್ಕಾರ ಕೈಬಿಡಬೇಕಾಯಿತು.

ಆದರೆ ವಿನಾಯಿತಿಯೊಂದೇ ನ್ಯಾಯವಲ್ಲ. ಚಿಕ್ಕ ಮನೆಯನ್ನು ನಿಯಮದಿಂದ ಬಿಟ್ಟುಬಿಟ್ಟರೆ ವೆಚ್ಚ ಉಳಿಯುತ್ತದೆ. ಸೆಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಬಾಡಿಗೆ ಮನೆಗಳಲ್ಲಿ ಇನ್ನೊಂದು ತೊಡಕುಂಟು: ಛಾವಣಿ ಮಾಲೀಕನದು, ಬೇಗೆ ಬಾಡಿಗೆದಾರನದು. ಆದುದರಿಂದ ಬಡ ಬಡಾವಣೆಗಳಿಗೆ ಲೇಪನದ ವೆಚ್ಚದಲ್ಲಿ ನೆರವು, ಕೆಲಸಗಾರರಿಗೆ ತರಬೇತಿ, ಧೂಳು ಹಿಡಿದ ಛಾವಣಿಯನ್ನು ಕಾಲಕಾಲಕ್ಕೆ ತೊಳೆಯುವ ವ್ಯವಸ್ಥೆ ಇವೆಲ್ಲವೂ ನೀತಿಯೊಡನೆ ಸಾಗಬೇಕು.

ತನ್ನ ಮನೆ ತಂಪಾದುದನ್ನು ಕಂಡವನಿಗೆ ಬೇರೆ ಪ್ರಚಾರ ಬೇಕಿಲ್ಲ. ಹೊರೆ ಉಳ್ಳವರಿಂದ ಆರಂಭವಾಗಿ, ಪ್ರಯೋಜನ ಇಲ್ಲದವರಿಗೆ ಮೊದಲು ತಲುಪಿದಾಗ ಜನರು ನೀತಿಯನ್ನು ತಮ್ಮದೆಂದು ಭಾವಿಸುತ್ತಾರೆ.