ಟವೆಲ್ ಅಡಿಯಲ್ಲಿ ಬೆಲೆ, ಬಯಲಲ್ಲಿ ಮಾತು

‘ಮಲಗೋ ಎತ್ತಲ್ವಲ್ಲ ಯಜಮಾನ್ರೇ?’

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಈ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ನಾನು ತೇರಿನ ಕಡೆ ಹೋಗಲೇ ಇಲ್ಲ. ಮುಂದೆ ಹಳ್ಳಿಕಾರ್ ಜೋಡಿ. ಮಾರುವವರು ಹೊಗಳಿದ್ದೇ ಹೊಗಳಿದ್ದು: ‘ಬಸವಣ್ಣನಂಥ ಜೋಡಿ, ಇಡೀ ಜಾತ್ರೇಲಿ ಇಂಥದ್ದಿಲ್ಲ.’ ಕೊಳ್ಳುವವರು ಕಿವಿಗೇ ಹಾಕಿಕೊಳ್ಳಲಿಲ್ಲ. ತುಟಿ ಎತ್ತಿ ಹಲ್ಲು ಎಣಿಸಿದರು, ನಾಲ್ಕು. ಹಿಂದಕ್ಕೆ ಹೋಗಿ ಕಾಲು ನೋಡಿದರು, ಸುಳಿ ನೋಡಿದರು. (ಸುಬ್ರಹ್ಮಣ್ಯನ ಹಿಂಬದಿಯ ನರಸಿಂಹನನ್ನು ಕನ್ನಡಿಯಲ್ಲಿ ತೋರಿಸುವ ಕ್ಷೇತ್ರವಿದು, ಹಿಂದೆಮುಂದೆ ನೋಡುವುದು ಇಲ್ಲಿಗೆ ಹೊಸದೇನಲ್ಲ.) ದಲ್ಲಾಳಿ ಟವೆಲ್ ಮುಚ್ಚಿ, ಅದರಡಿ ಬೆರಳು ಹಿಡಿದು ಬೆಲೆ ಮಾತಾಡಿದ. ವ್ಯಾಪಾರ ಕುದುರುವ ಮುಂಚೆ, ನಾಲ್ಕು ಜನ ಕೇಳುವಂತೆ ಆ ಪ್ರಶ್ನೆ ಬಂತು.

‘ನೊಗ ಹೊತ್ತ ಮೇಲೆ ಒಂದು ದಿನ ಮಲಗಿಲ್ಲ. ಮಲಗಿದ್ರೆ ನನ್ನನ್ನ ಕೇಳಿ.’

ಹೊಗಳಿಕೆ ಎಲ್ಲಿ ಮುಗಿಯಿತು, ವಾರಂಟಿ ಎಲ್ಲಿ ಶುರುವಾಯಿತು? 1930ರ ಸರಕು ಮಾರಾಟ ಕಾಯ್ದೆಗೆ ಎತ್ತೂ ಸರಕೇ. ವ್ಯವಹಾರಕ್ಕೆ ಜೀವಾಳವಾದ ಮಾತು ಷರತ್ತು, ಅದರ ಪಕ್ಕದ ಮಾತು ವಾರಂಟಿ ಎನ್ನುತ್ತದೆ 12ನೇ ಸೆಕ್ಷನ್. ವಾರಂಟಿ ಸುಳ್ಳಾದರೆ ಬೆಲೆ ಮುರಿದುಕೊಳ್ಳಬಹುದು, ಪರಿಹಾರ ಕೇಳಬಹುದು. ಅಷ್ಟಕ್ಕೇ ಎತ್ತು ವಾಪಸ್ ಹೊಡೆಯುವಂತಿಲ್ಲ.

ಇಂಗ್ಲೆಂಡಿನ ಕೋರ್ಟುಗಳೂ ಈ ಪಾಠ ಕಲಿತದ್ದು ದನ, ಕುದುರೆಗಳಿಂದಲೇ. 1689ರಷ್ಟು ಹಿಂದೆಯೇ, ಬೇರೆಯವರ ಎತ್ತುಗಳನ್ನು ‘ನನ್ನವೇ’ ಎಂದು ಮಾರಿದವನು ಹೊಣೆ ಹೊರಬೇಕಾಯಿತು. ನನಗೆ ತುಂಬ ಇಷ್ಟವಾದದ್ದು 1947ರ ಕೌಚ್‌ಮನ್–ಹಿಲ್ ಮೊಕದ್ದಮೆ. ಹರಾಜಿನ ಪಟ್ಟಿಯಲ್ಲಿ ಕಡಸನ್ನು ಹೋರಿಗೆ ಬಿಟ್ಟಿಲ್ಲ ಎಂದಿತ್ತು. ದೋಷಗಳಿಗೆ ನಾವು ಹೊಣೆಯಲ್ಲ ಎಂದೂ ಇತ್ತು. ಕೊಳ್ಳುವಾತ ಅಷ್ಟಕ್ಕೆ ಬಿಡಲಿಲ್ಲ. ಹೋರಿಗೆ ಬಿಟ್ಟಿಲ್ಲ ಎಂಬುದು ನಿಜವೇ ಎಂದು ಮಾಲೀಕನನ್ನೂ ಹರಾಜು ಕೂಗುವವನನ್ನೂ ಬಾಯಿಬಿಟ್ಟು ಕೇಳಿದ, ಇಬ್ಬರೂ ಹೌದೆಂದರು. ನೋಡಿದರೆ ಕಡಸು ಗಬ್ಬ. ಎಳೇ ವಯಸ್ಸಿನಲ್ಲಿ ಬಸಿರು ತಾಳಲಾರದೆ ಸತ್ತೇಹೋಯಿತು. ಅಚ್ಚು ಹಾಕಿಸಿದ ಷರತ್ತುಗಳೆಲ್ಲ ಆ ಒಂದು ‘ಹೌದಿ’ನ ಮುಂದೆ ನಿಲ್ಲಲಿಲ್ಲ.

ಘಾಟಿಯ ರೈತರು ಮಾಡಿದ್ದೂ ಅದನ್ನೇ. ಹಲ್ಲು ತಾವೇ ಎಣಿಸಿದ್ದಾರೆ, ನಾಳೆ ವಯಸ್ಸಿನ ತಕರಾರು ತೆಗೆದರೆ ನಿಲ್ಲುವುದು ಕಷ್ಟ. ಉಳುವಾಗ ಮಲಗುವ ಚಾಳಿ ಹಾಗಲ್ಲ. ಅದು ಸಾಕಿದವನಿಗಷ್ಟೇ ಗೊತ್ತು. ಅವನ ಮಾತು ನಂಬಿಯೇ ದುಡ್ಡು ಎಣಿಸಬೇಕು. ಇನ್ನು ‘ಒಳ್ಳೇ ಸುಳಿ, ಮನೆ ಉದ್ಧಾರ’ ಎಂದದ್ದನ್ನು ನಂಬಿ ಕೋರ್ಟಿಗೆ ಹೋದರೆ ವಕೀಲರ ಮನೆ ಉದ್ಧಾರವಾದೀತು.

ಪುಷ್ಯ ಷಷ್ಠಿಯ ಜಾತ್ರೆಗೆ ಎತ್ತು ಕೊಳ್ಳಲು ಹೋಗುವವರು, ಹೊಗಳಿಕೆ ಮುಗಿಯುವವರೆಗೆ ಸುಮ್ಮನಿರಿ. ದುಡ್ಡು ಕೊಡುವ ಮುಂಚೆ, ದಲ್ಲಾಳಿ ಎದುರಿಗೇ ಕೇಳಿಬಿಡಿ: ಮಲಗುತ್ತೋ, ಇಲ್ಲವೋ?